ಬಲಗಡೆಯ ಸೀಟು ಖಾಲಿಯಾದ ದಿನ

ಆ ಎರಡು ಸೀಟಿನ ಪುಟ್ಟ ವಿಮಾನದಲ್ಲಿ ಬಲಗಡೆಯ ಸೀಟು, ಊರೆಲ್ಲ ವಿಮಾನದಕ್ಕ ಎಂದು ಕರೆಯುತ್ತಿದ್ದವಳದು. ಕೂತೂ ಕೂತೂ ಅದು ಅವಳ ಆಕಾರಕ್ಕೇ ಬಂದುಬಿಟ್ಟಿತ್ತು. ಅಪ್ಪಿತಪ್ಪಿ ಬೇರೆ ಯಾರಾದರೂ ಅದರಲ್ಲಿ ಕೂತರೆ ಬಾವಿಗೆ ಬಿದ್ದ ಬೆಕ್ಕಿನ ಹಾಗೆ ಎರಡು ಕಣ್ಣು ಮಾತ್ರ ಹೊರಗೆ ಕಾಣುತ್ತಿದ್ದವು. ಅವಳು ಹತ್ತಿದಾಗ ವಿಮಾನ ಒಮ್ಮೆ ಬಲಕ್ಕೆ ವಾಲಿ, ನಿಟ್ಟುಸಿರು ಬಿಟ್ಟು, ಆಮೇಲೆ ಬೇರೆ ವಿಧಿಯಿಲ್ಲದೆ ನೆಟ್ಟಗಾಗುತ್ತಿತ್ತು.

“ನಿನ್ನನ್ನ ಹೊತ್ತು ಹಾರೋ ಎಂಜಿನ್ನು ಬೆಟ್ಟ ಹೊತ್ಕೊಂಡೂ ಹಾರುತ್ತೆ” ಎಂದು ಎಂಜಿನ್ ಮಿಸ್ತ್ರಿ ಆಗಾಗ ಹೇಳುತ್ತಿದ್ದ.

“ನೆಲದ ಮೇಲೇ ನಿಂತು ನೀನು ಇಷ್ಟುದ್ದ ನಾಲಿಗೆ ಬೆಳೆಸ್ಕೊಂಡಿದ್ದೀಯ. ನಾನು ಮೇಲೆ ಹೋಗಿ ಒಂಚೂರು ಮೈ ಬೆಳೆಸ್ಕೊಂಡ್ರೆ ತಪ್ಪಾ” ಎನ್ನುತ್ತಿದ್ದಳು ಅವಳು.

ಅವಳ ಕೆಲಸ ಹಾರುವುದನ್ನು ಕಲಿಸುವುದು. ಊರಾಚೆಯ ಬಯಲಿನಲ್ಲಿ ಹುಲ್ಲನ್ನು ಉದ್ದಕ್ಕೆ ಬೋಳಿಸಿ ಅದಕ್ಕೆ ರನ್‌ವೇ ಎಂದು ಹೆಸರಿಟ್ಟಿದ್ದರು. ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ವಿಮಾನ, ಪಕ್ಕದಲ್ಲಿ ಒಂಟಿ ಕೋಣೆಯ ಕಚೇರಿ, ಕಂಬದ ತುದಿಗೆ ಒಂದು ಗಾಳಿಚೀಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ತೋರಿಸಬೇಕಾದ ಆ ಚೀಲ ಎಷ್ಟು ತೇಪೆ ಕಂಡಿತ್ತೆಂದರೆ, ಮೂಲ ಬಟ್ಟೆ ಎನ್ನುವುದು ಹೊಲಿಗೆಗಳ ನಡುವೆ ಸಿಕ್ಕಿಕೊಂಡ ಒಂದು ವದಂತಿಯಾಗಿತ್ತು. ವಿಮಾನದ ವಯಸ್ಸಿನ ಬಗ್ಗೆ ಯಾರೂ ಮಾತೆತ್ತುತ್ತಿರಲಿಲ್ಲ. ಹಕ್ಕಿಗಳು ಹಾರುವುದು ಕಲಿತದ್ದೇ ಅದನ್ನು ನೋಡಿ ಎಂದು ಮಿಸ್ತ್ರಿಯ ವಾದ.

ಕಚೇರಿಯ ಗೋಡೆಯ ತುಂಬ ಅಂಗಿಯ ತುಂಡುಗಳು. ಬಿಳಿಯವು, ಚೌಕಳಿಯವು, ಬಣ್ಣ ಯಾವುದೆಂದು ಮರೆತುಹೋದವು. ಹಾರುವವರಲ್ಲಿ ಒಂದು ಪದ್ಧತಿಯುಂಟು: ಶಿಷ್ಯ ಮೊದಲ ಸಲ ಒಬ್ಬನೇ ವಿಮಾನ ಹಾರಿಸಿ ಇಳಿದ ಕೂಡಲೆ ಗುರು ಅವನ ಅಂಗಿಯ ಹಿಂಬದಿಯ ಅಂಚನ್ನು ಕತ್ತರಿಸಿ ಗೋಡೆಗೆ ಹೊಡೆಯುವುದು. ಹಳೆಯ ಕಾಲದಲ್ಲಿ ಗುರು ಹಿಂದಿನ ಸೀಟಿನಲ್ಲಿ ಕೂತು, ಎಂಜಿನ್ ಸದ್ದಿನಲ್ಲಿ ಮಾತು ಕೇಳದೆ, ಶಿಷ್ಯನ ಅಂಗಿಯ ಬಾಲ ಹಿಡಿದು ಎಳೆದೇ ಪಾಠ ಹೇಳುತ್ತಿದ್ದನಂತೆ. ಇನ್ನು ಎಳೆಯಬೇಕಾಗಿಲ್ಲ ಎನ್ನುವುದಕ್ಕೆ ಬಾಲ ಕತ್ತರಿಸುವುದು. ಗೋಡೆಯ ಮೂಲೆಯಲ್ಲಿ ವಿಮಾನದಕ್ಕನ ತುಂಡೂ ಇತ್ತು. ಅದು ಅವಳ ಅಪ್ಪನ ಅಂಗಿ. ಅವತ್ತು ಕೇಳದೆ ಹಾಕಿಕೊಂಡು ಬಂದಿದ್ದಳು. ಅಪ್ಪ ಸಾಯುವವರೆಗೂ ಆ ಬಾಲವಿಲ್ಲದ ಅಂಗಿಯನ್ನು ಪ್ಯಾಂಟಿನೊಳಗೆ ತೂರಿಸಿಕೊಂಡೇ ಓಡಾಡಿದ.

ಅಪ್ಪ ಸೈಕಲ್ ರಿಪೇರಿಯವನು. ಮಗಳು ಸಣ್ಣವಳಿದ್ದಾಗ ವಿಮಾನ ನೋಡಲೆಂದು ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂರುತ್ತಿದ್ದಳು. ಒಂದು ಸಲ ಇಳಿಸಿಕೊಂಡು ಬರಲು ಹೋದ ಅಪ್ಪ ಅರ್ಧ ದಾರಿಯಲ್ಲಿ ತಲೆ ತಿರುಗಿ ಏಣಿಗೆ ಅಂಟಿಕೊಂಡ. ಅವನನ್ನು ಇಳಿಸಲು ಚಿಕ್ಕಪ್ಪ ಹತ್ತಿದ. ಚಿಕ್ಕಪ್ಪನನ್ನು ಇಳಿಸಲು ಅರ್ಧ ಬೀದಿಯೇ ಹತ್ತಿತು. ಕೊನೆಗೆ ಅಷ್ಟೂ ಜನರನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ಕೆಳಗಿಳಿಸಿದವಳು ಅವಳೇ.

ಹಾರಾಟದ ಕ್ಲಬ್ಬಿನವರು ಊರಿನ ಮಕ್ಕಳಿಗೆಂದು, ದುಡ್ಡಿಲ್ಲದೆ ಹಾರಾಟ ಕಲಿಯಲು, ಒಂದು ಪುಕ್ಕಟೆ ಜಾಗ ಇಟ್ಟಿದ್ದರು. ಕೇಳುವವರಿಲ್ಲದೆ ಅದು ತುಕ್ಕು ಹಿಡಿಯುತ್ತಿತ್ತು. ಅವಳು ಹೋಗಿ ಕೇಳಿದಳು. “ಹುಡುಗೀನಾ?” ಎಂದರು. “ಹೌದು, ಹುಟ್ಟಿದಾಗಿಂದ” ಎಂದಳು.

ಪರವಾನಗಿ ಸಿಕ್ಕಿತು, ಕೆಲಸ ಸಿಗಲಿಲ್ಲ. ದೊಡ್ಡ ವಿಮಾನದ ಕಂಪನಿಯವರು ಮೊದಲ ಸಲ ಕಾಲು ಗಿಡ್ಡವಾಯಿತು ಎಂದರು. ಎರಡನೆಯ ಸಲ, ನಾಳೆ ನೀವು ಮದುವೆಯಾಗಿ ಹೋಗುವವರು ಎಂದರು. ಅವಳು ಮದುವೆಯಾಗದೆ ಕಾದಳು. ಮೂರನೆಯ ಸಲ ವಯಸ್ಸಾಯಿತು ಎಂದರು. ಕಾಲು ಮಾತ್ರ ಅಷ್ಟೇ ಇತ್ತು. ಹೀಗೆ ಅವಳು ಬೆನ್ನಿಗೊಂದು ದಪ್ಪ ಮೆತ್ತೆ ಹೊಲಿಸಿಕೊಂಡು, ಕಾಲು ಪೆಡಲಿಗೆ ಎಟುಕಿಸಿಕೊಂಡು, ಬಲಗಡೆಯ ಸೀಟಿನಲ್ಲಿ ಗುರುವಾಗಿ ಕೂತಳು, ಕೂತವಳು ಏಳಲಿಲ್ಲ.

ತಿಂಗಳಿಗೊಮ್ಮೆ ಹೆಣ್ಣುಮಕ್ಕಳ ಶಾಲೆಗೆ ಹೋಗಿ, ಒಂದು ಹಿಂಡು ಹುಡುಗಿಯರನ್ನು ಕುರಿಮಂದೆಯ ಹಾಗೆ ಹೊಡೆದುಕೊಂಡು ಬಂದು, ಒಬ್ಬೊಬ್ಬರನ್ನೂ ಎಡಗಡೆಯ ಸೀಟಿನಲ್ಲಿ ಕೂರಿಸಿ ಹಿಡಿಕೆ ಹಿಡಿಸುತ್ತಿದ್ದಳು. “ಇದನ್ನ ನೂಕಿದ್ರೆ ಮೂಗು ಕೆಳಗೆ, ಎಳೆದ್ರೆ ಮೂಗು ಮೇಲೆ. ಮನೇಲಿ ದೊಡ್ಡೋರ ಹತ್ರ ಮಾತಾಡೋವಾಗ ಹೇಗಿರ್ತೀರೋ ಹಾಗಲ್ಲ. ಇಲ್ಲಿ ಮೂಗು ನಿಮ್ಮ ಕೈಲಿರುತ್ತೆ.” ಅವರಲ್ಲಿ ಕೆಲವರು ಹಾರಾಟ ಕಲಿತು ದೊಡ್ಡ ವಿಮಾನಗಳಿಗೆ ಹೋದರು. ಕಾಲು ಗಿಡ್ಡ ಎನ್ನುವವರು ಆ ಹೊತ್ತಿಗೆ ನಿವೃತ್ತರಾಗಿದ್ದರು. ಆಕಾಶದಲ್ಲಿ ತುಂಬ ಎತ್ತರಕ್ಕೆ ಬಿಳಿಯ ಗೆರೆ ಕಂಡಾಗಲೆಲ್ಲ ವಿಮಾನದಕ್ಕ “ಅದು ನಮ್ಮ ಹುಡುಗಿ” ಎನ್ನುತ್ತಿದ್ದಳು. ಯಾವ ಹುಡುಗಿ ಎಂದು ಅವಳಿಗೂ ಗೊತ್ತಿರುತ್ತಿರಲಿಲ್ಲ. ಗೆರೆ ಎಳೆದವರು ಯಾರೂ ಒಮ್ಮೆಯೂ ಈ ಕಡೆ ಬಂದು ಹೋಗಲಿಲ್ಲ. ಅಷ್ಟು ದೊಡ್ಡ ವಿಮಾನ ಇಳಿಯುವಷ್ಟು ಜಾಗ ನಮ್ಮಲ್ಲಿಲ್ಲವಲ್ಲ ಎಂದು ಅವರ ಪರವಾಗಿ ಅವಳೇ ಸಮಜಾಯಿಷಿ ಕೊಡುತ್ತಿದ್ದಳು.

ಅಂಥ ಹಿಂಡಿನಲ್ಲಿ ಒಂದು ದಿನ ದರ್ಜಿಯ ಮಗಳು ಬಂದಿದ್ದಳು. ಸೀಟಿನಲ್ಲಿ ಕೂತರೆ ತಲೆ ಕಾಣದಷ್ಟು ಸಣ್ಣವಳು. ಬೇರೆಯವರು ಇಳಿದರೂ ಇವಳು ಇಳಿಯಲಿಲ್ಲ.

“ಇದು ಹಿಂದಕ್ಕೆ ಹೋಗೋದು ಹೇಗೆ?” ಎಂದಳು.

“ಹಿಂದಕ್ಕೆ ಹೋಗಲ್ಲ. ಇದಕ್ಕೆ ಮುಂದೆ ಹೋಗೋದೊಂದೇ ಗೊತ್ತು.”

“ಮತ್ತೆ ತಪ್ಪಿ ಬಂದ್ರೆ?”

“ತಪ್ಪಿ ಬಂದ್ರೆ ಮತ್ತೆ ಮೇಲೇಳ್ಬೇಕು, ಒಂದು ಸುತ್ತು ಹಾಕ್ಬೇಕು, ಇನ್ನೊಂದು ಸಲ ಇಳೀಬೇಕು.”

ಹುಡುಗಿ ಒಂದಿಷ್ಟು ಹೊತ್ತು ಯೋಚಿಸಿ “ಸರಿ” ಎಂದಳು, ಒಪ್ಪಂದಕ್ಕೆ ಸಹಿ ಹಾಕಿದವಳಂತೆ. ವರ್ಷಗಳಾದ ಮೇಲೆ ಅದೇ ಪುಕ್ಕಟೆ ಜಾಗ ಕೇಳಿಕೊಂಡು ಬಂದಳು. ವಿಮಾನದಕ್ಕ ಕಲಿಸಿದವರಲ್ಲೆಲ್ಲ ಅವಳ ಕೈ ಹಗುರ. ಹಿಡಿಕೆಯನ್ನು ಸೂಜಿ ಹಿಡಿದ ಹಾಗೆ ಎರಡು ಬೆರಳಿನಲ್ಲಿ ಹಿಡಿಯುತ್ತಿದ್ದಳು. ಒಬ್ಬಳೇ ಹಾರಲು ತಯಾರಾಗಿ ಆಗಲೇ ಬಹಳ ಕಾಲವಾಗಿತ್ತು. ವಿಮಾನದಕ್ಕನೇ “ಇನ್ನೊಂದು ವಾರ, ಇನ್ನೊಂದು ವಾರ” ಎಂದು ಮುಂದೂಡುತ್ತಿದ್ದಳು. ಪಾಠ ಬಾಕಿ ಇದ್ದದ್ದಕ್ಕಲ್ಲ. ಬೆಳಗಿನ ಆ ಒಂದು ಗಂಟೆ ಅವಳ ಪಕ್ಕದಲ್ಲಿ ಕೂರುವುದೇ ವಿಮಾನದಕ್ಕನಿಗೆ ದಿನದಲ್ಲಿ ಉಳಿದಿದ್ದ ಸಂತೋಷ. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳು ಹೇಳದ ಇನ್ನೊಂದು ಸಂಗತಿ ಕಿವಿಯದು.

ಕಿವಿ ಯಾವಾಗ ಕೈಕೊಟ್ಟಿತೋ ಅವಳಿಗೇ ಗೊತ್ತಿಲ್ಲ. ಕಿವುಡು ಅಡಗಿಕೊಳ್ಳುವುದಕ್ಕೆ ಅವಳ ಬದುಕಿಗಿಂತ ಒಳ್ಳೆಯ ಜಾಗ ಬೇರೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಇದ್ದವಳು ಅಮ್ಮ ಒಬ್ಬಳು, ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಎಲ್ಲರೂ ಕಿರುಚಿಯೇ ಮಾತಾಡುವುದು. “ಉಪ್ಪು ಕೊಡು” ಎಂದರೆ ಎದುರು ಮನೆಯವರು ಉಪ್ಪು ತಂದುಕೊಡುತ್ತಿದ್ದರು. ಎದುರಿಗೆ ನಿಂತವರ ಮಾತು ತುಟಿ ನೋಡಿಯೇ ತಿಳಿಯುತ್ತಿತ್ತು. ಕೆಲಸದಲ್ಲಿ ಎಂಜಿನ್ನಿನ ಸದ್ದು. ಮಾತು ಬರುವುದು ತಲೆಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ, ಅದರ ಗುಂಡಿಯನ್ನು ಎಷ್ಟು ಬೇಕಾದರೂ ತಿರುಗಿಸಬಹುದು. ಅವಳು ಕೊನೆಯವರೆಗೂ ತಿರುಗಿಸಿಟ್ಟಿದ್ದಳು. “ಅಕ್ಕಾ, ನಾನು ಉಸಿರಾಡೋದು ನನಗೇ ಬಸ್ಸು ಹೋದಂಗೆ ಕೇಳುತ್ತೆ” ಎಂದು ದರ್ಜಿಯ ಮಗಳು ನಗುತ್ತಿದ್ದಳು.

ವರ್ಷಕ್ಕೊಮ್ಮೆ ವೈದ್ಯರ ಪರೀಕ್ಷೆ ಇತ್ತು. ಮುದಿ ಡಾಕ್ಟರು ಬೆನ್ನ ಹಿಂದೆ ನಿಂತು ಪಿಸುಗುಟ್ಟುವುದು, ಇವಳು ಅದನ್ನು ತಿರುಗಿ ಹೇಳುವುದು. ಅವನು ಪಿಸುಗುಟ್ಟುತ್ತಿದ್ದದ್ದು ಎಲ್ಲ ವರ್ಷವೂ ಅವೇ ಮಾತುಗಳನ್ನು, ಅದೇ ಕ್ರಮದಲ್ಲಿ: ಅರವತ್ತೆರಡು, ಬಕೆಟ್ಟು, ಭಾನುವಾರ. ಒಂದು ವರ್ಷ ಅವನು ಬಾಯಿ ತೆರೆಯುವ ಮೊದಲೇ ಅವಳು “ಅರವತ್ತೆರಡು” ಎಂದುಬಿಟ್ಟಳು. ಕಿವಿ ಅಸಾಧಾರಣ ಚುರುಕು ಎಂದು ಡಾಕ್ಟರು ಬರೆದುಕೊಟ್ಟ.

ಹಾಗಾದರೆ ಅವಳಿಗೆ ಗೊತ್ತಿತ್ತೆ? ಗೊತ್ತಿತ್ತು, ಕೋಣೆಯ ಮೂಲೆಯಲ್ಲಿ ಬಿದ್ದ ಕಸವನ್ನು ಕಂಡೂ ಕಾಣದ ಹಾಗೆ ಮುಂದೆ ಹೋಗುತ್ತೇವಲ್ಲ, ಅಷ್ಟು ಗೊತ್ತಿತ್ತು.

ಆ ಬೆಳಿಗ್ಗೆ ಇಬ್ಬರೂ ಮೇಲೆದ್ದು ಇಟ್ಟಿಗೆ ಗೂಡುಗಳ ಮೇಲೆ ಬಂದಿದ್ದರು. ದರ್ಜಿಯ ಮಗಳು “ಅಕ್ಕಾ, ಎಂಜಿನ್ ಕೆಮ್ಮುತ್ತಿದೆ” ಎಂದಳು.

ವಿಮಾನದಕ್ಕ ಕಿವಿಗೊಟ್ಟಳು. ಎಂದಿನ ಗುಂಯ್ ಎನ್ನುವ ಮೊರೆತ, ಹತ್ತಿ ತುರುಕಿದ ಹಾಗೆ. “ಏನಿಲ್ಲ. ಮುಂದೆ ನೋಡು.”

“ಮತ್ತೆ ಕೆಮ್ತು.”

“ಹಳೇ ಎಂಜಿನ್ ಕಣೇ. ನನ್ನಷ್ಟೇ ವಯಸ್ಸು, ಒಂಚೂರು ಗೊಣಗುತ್ತೆ. ಏರ್ತಾ ಇರು.”

ಹುಡುಗಿ ಏರಲಿಲ್ಲ. ಮೂಗು ತಗ್ಗಿಸಿ, ನಿಧಾನಕ್ಕೆ ಸುತ್ತು ತಿರುಗಿಸಿ, ಬಯಲಿನ ಕಡೆಗೆ ಹೊರಟಳು. ಗುರುವಿನ ಮಾತು ಮೀರಿದ್ದು ಅದೇ ಮೊದಲು. “ಬೈಯ್ತೀರಾದ್ರೆ ಕೆಳಗೆ ಹೋದ್ಮೇಲೆ ಬೈರಿ” ಎಂದಳು. ಇಳಿದು ಶೆಡ್ಡಿನ ಮುಂದೆ ನಿಲ್ಲಿಸಿದಾಗ ಮಿಸ್ತ್ರಿ ಆಗಲೇ ಓಡಿಬರುತ್ತಿದ್ದ. ಎಂಜಿನ್ ಬಿಚ್ಚಿ ನೋಡಿದ. ಒಂದು ವಾಲ್ವು ಸುಟ್ಟು, ಸಿಕ್ಕಿಕೊಳ್ಳುವುದರಲ್ಲಿತ್ತು.

“ಇನ್ನೊಂದು ಸ್ವಲ್ಪ ಏರಿದ್ರೆ ನಿಂತೇ ಹೋಗ್ತಿತ್ತು” ಎಂದ. “ದೂರದಿಂದ ನನಗೇ ಕೇಳಿಸ್ತು. ನಿನಗೆ ಕೇಳಿಸ್ಲಿಲ್ವಾ?”

ವಿಮಾನದಕ್ಕ ಹೆಡ್‌ಫೋನಿನ ವೈರು ಸುತ್ತುತ್ತಾ ಹೇಳಿದಳು: “ಕೇಳಿಸ್ದೆ ಏನು. ಇವಳು ಏನ್ ಮಾಡ್ತಾಳೆ ನೋಡೋಣ ಅಂತ ಸುಮ್ನಿದ್ದೆ. ಪರೀಕ್ಷೆ ಮಾಡ್ತಿದ್ದೆ.”

ಎಲ್ಲರೂ ನಂಬಿದರು. ದರ್ಜಿಯ ಮಗಳಂತೂ ನಂಬಿ ಒಂದು ಗೇಣು ಎತ್ತರವಾದಳು. ಪರೀಕ್ಷೆಯಲ್ಲಿ ಪಾಸಾದ ಖುಷಿಯಲ್ಲಿ ಸೈಕಲ್ ಹತ್ತಿ ಮನೆಗೆ ಹೋದಳು. ಅವಳ ಬೆನ್ನು ಕಾಣುವವರೆಗೂ ವಿಮಾನದಕ್ಕ ನಗುತ್ತಲೇ ನಿಂತಿದ್ದಳು. ಆಮೇಲೆ ಶೆಡ್ಡಿನ ಹಿಂದೆ ಹೋಗಿ ಖಾಲಿ ಪೆಟ್ರೋಲ್ ಡ್ರಮ್ಮಿನ ಮೇಲೆ ಕೂತಳು.

ಸಂಜೆ ಅಮ್ಮನ ಎದುರು ಕೂತು ಕೂಗಿ ಕೇಳಿದಳು: “ಅಮ್ಮಾ, ನಿಂಗೆ ಕಿವಿ ಕೇಳಲ್ಲ ಅಂತ ಮೊದ್ಲು ಗೊತ್ತಾಗಿದ್ದು ಹೇಗೆ?”

“ಗೊತ್ತಾಗ್ಲಿಲ್ಲ” ಎಂದಳು ಅಮ್ಮ. “ಹಕ್ಕಿ ಕೂಗೋದು ನಿಂತೋಯ್ತು. ಎಲ್ಲೋ ವಲಸೆ ಹೋದ್ವು ಅಂದ್ಕೊಂಡೆ. ತಿರುಗಿ ಬರ್ತಾವೆ ಅಂತ ಎಷ್ಟೋ ದಿನ ಕಾದೆ.”

ಕಚೇರಿಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗಳು ಈ ವರ್ಷ ಯಾಕೋ ಬಹಳ ಸಾಧುವಾಗಿವೆ ಎಂದು ತಾನೇ ಮಿಸ್ತ್ರಿಯ ಹತ್ತಿರ ಹೇಳಿದ್ದು ವಿಮಾನದಕ್ಕನಿಗೆ ನೆನಪಾಯಿತು. ಅವನು ತಮಾಷೆ ಎಂದುಕೊಂಡು ನಕ್ಕಿದ್ದ.

ಲೆಕ್ಕ ಕಷ್ಟದ್ದೇನಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮೊದಲಿನಂತೆಯೇ ನಡೆಯುತ್ತಿತ್ತು. ಮುದಿ ಡಾಕ್ಟರು ಬದುಕಿರುವವರೆಗೂ ಅವಳು ಭಾನುವಾರ ಎನ್ನುತ್ತಿದ್ದಳು, ಅವನು ಬರೆದುಕೊಡುತ್ತಿದ್ದ. ಬಾಯಿ ಬಿಟ್ಟರೆ ಅವಳ ಹಾರಾಟ ಅವತ್ತಿಗೇ ಮುಗಿಯಿತು. ಕ್ಲಬ್ಬಿಗೆ ಬೇರೆ ಗುರುವಿಲ್ಲ. ಅಷ್ಟು ದೂರದ ಹುಲ್ಲುಬಯಲಿಗೆ, ಹಕ್ಕಿಗಳಿಗೆ ಪಾಠ ಹೇಳಿದ ವಿಮಾನ ನಂಬಿ, ಇನ್ನೊಬ್ಬರು ಬರುವುದೂ ಇಲ್ಲ. ಗುರು ಹೋದರೆ ಕ್ಲಬ್ಬು ಮುಚ್ಚುತ್ತದೆ, ಪುಕ್ಕಟೆ ಜಾಗವೂ ಹೋಗುತ್ತದೆ, ಅದರ ಜೊತೆ ದರ್ಜಿಯ ಮಗಳೂ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂರುತ್ತಾಳೆ. ಆದರೆ ಮುಚ್ಚಿಟ್ಟುಕೊಂಡು ನಾಳೆ ಮತ್ತೆ ಅವಳ ಪಕ್ಕದಲ್ಲಿ ಕೂತರೆ, ಆ ವಿಮಾನದಲ್ಲಿ ಹತ್ತಿಸಬಹುದಾದ ಅತ್ಯಂತ ಅಪಾಯದ ಸಾಮಾನು ತಾನೇ. ಹುಡುಗಿ ಕೇಳಿಸಿದ್ದನ್ನು ಹೇಳುತ್ತಾಳೆ, ಇವಳು ಇಲ್ಲ ಎನ್ನುತ್ತಾಳೆ. ಒಂದು ದಿನ ಅವಳು ಗುರುವಿನ ಮಾತು ಕೇಳಿಬಿಡುತ್ತಾಳೆ.

ಅವಳ ಪಕ್ಕದ ಸೀಟು ಖಾಲಿ ಇರುವುದೇ ಕ್ಷೇಮ. ಖಾಲಿ ಸೀಟಿನ ಜೊತೆ ಅವಳು ಒಮ್ಮೆಯಾದರೂ ಹಾರಲಿ, ಆಮೇಲೆ ಹೇಳುವುದು.

ಮಿಸ್ತ್ರಿ ಹೊಸ ವಾಲ್ವು ಕೂರಿಸಿ, ಎಂಜಿನ್ನನ್ನು ದಿನವಿಡೀ ಓಡಿಸಿ ಕಣ್ಣು ಮುಚ್ಚಿ ಆಲಿಸಿ, ತೃಪ್ತಿಯಾದ ಮೇಲೆ ಹ್ಞೂಂ ಎಂದ. ಮರುದಿನ ದರ್ಜಿಯ ಮಗಳು ಬಂದಾಗ ವಿಮಾನದಕ್ಕ ಶೆಡ್ಡಿನ ಹೊರಗೆ ಕೈಕಟ್ಟಿ ನಿಂತಿದ್ದಳು. ತಲೆಯ ಮೇಲೆ ಹೆಡ್‌ಫೋನಿಲ್ಲ.

“ನೀವು ಹತ್ತಲ್ವಾ?” ಎಂದಳು ಹುಡುಗಿ.

“ನಾನು ಹತ್ತಿದ್ರೆ ಒಬ್ಬಳೇ ಹಾರಿದ್ಲು ಅಂತ ಯಾರೂ ಅನ್ನಲ್ಲ. ಒಂದು ಸುತ್ತು. ಎದ್ದು, ಸುತ್ತಿ, ಇಳಿ.”

“ಮೊದ್ಲು ನಿಮ್ಮ ಜೊತೆ ಒಂದೆರಡು ಸಲ ಹೋಗಿ, ಆಮೇಲಲ್ವಾ ಎಲ್ಲರನ್ನೂ ಕಳಿಸೋದು?”

“ನೀನು ಎಲ್ಲರ ಹಾಗಲ್ಲ. ಕೇಳು. ನಾನಿಲ್ಲದೆ ಇದು ಹಗುರ ಆಗಿರುತ್ತೆ. ಬೇಗ ಎದ್ದುಬಿಡುತ್ತೆ, ಇಳಿ ಅಂದ್ರೆ ಒಲ್ಲೆ ಅನ್ನುತ್ತೆ. ಬರೋವಾಗ ವೇಗ ಕಡಿಮೆ ಇಟ್ಕೋ. ಹೆದರಿಕೆ ಆಯ್ತಾ?”

“ಇಲ್ಲ.”

“ಒಂಚೂರು ಆಗ್ಬೇಕು. ಆಗ್ಲಿ.”

ನಾಳೆ ಒಬ್ಬಳೇ ಹಾರಬೇಕು ಎಂದು ವಿಮಾನದಕ್ಕ ಹಿಂದಿನ ದಿನವೇ ಹೇಳಿಕಳಿಸಿದ್ದರಿಂದ ದರ್ಜಿಯೂ ಬಂದಿದ್ದ. ಮಗಳು ಒಬ್ಬಳೇ ಹಾರುವ ದಿನಕ್ಕೆಂದು ಅವನೇ ಕೂತು ಹೊಲಿದ ಹೊಸ ಬಿಳಿ ಅಂಗಿ ಅವಳ ಮೈಮೇಲಿತ್ತು. ಅಂಚಿಗೆ ಎಷ್ಟು ಸಣ್ಣ ಹೊಲಿಗೆಯೆಂದರೆ ಅದರ ಮೇಲೆ ನಡೆದರೆ ಇರುವೆಯೂ ಎಡವುತ್ತಿರಲಿಲ್ಲ. ಅಂಗಿಯ ಬಾಲ ಕತ್ತರಿಸುವ ಪದ್ಧತಿಯ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ವಿಮಾನ ಹೊರಟಿತು. ವಿಮಾನದಕ್ಕನ ಭಾರ ತಪ್ಪಿದ ಸಂಭ್ರಮಕ್ಕೆ ರನ್‌ವೇ ಅರ್ಧಕ್ಕೂ ಬರುವ ಮೊದಲೇ ನೆಗೆಯಿತು. ಮಿಸ್ತ್ರಿ ಪೆಟ್ರೋಲ್ ಡ್ರಮ್ಮಿನ ಪಕ್ಕದಲ್ಲಿ ನಿಂತು ತಲೆ ಓರೆ ಮಾಡಿ ಕಣ್ಣು ಮುಚ್ಚಿದ. ಎಂಜಿನ್ ಕೇಳುವಾಗ ಅವನು ಯಾವಾಗಲೂ ಹಾಗೆಯೇ. ವಿಮಾನದಕ್ಕ ಆಕಾಶ ನೋಡಿದಳು. ಒಂದು ಪುಟ್ಟ ಬಿಳಿಯ ವಸ್ತು, ಗಾಜಿನಾಚೆ ಹೋದ ಹಾಗೆ, ಸದ್ದಿಲ್ಲದೆ ಹೋಗುತ್ತಿತ್ತು. ವಿಮಾನದೊಳಗೆ ಕೂತಾಗ ಸೀಟು ನಡುಗುತ್ತಿತ್ತು, ಬೆನ್ನು ನಡುಗುತ್ತಿತ್ತು; ಅದನ್ನೇ ಅವಳು ಇಷ್ಟು ಕಾಲ ಸದ್ದು ಎಂದುಕೊಂಡಿದ್ದಳು. ನೆಲದ ಮೇಲೆ ಏನೂ ಇಲ್ಲ. ಎಂಜಿನ್ ಕೆಮ್ಮಿದರೂ ಗೊತ್ತಾಗುವುದಿಲ್ಲ, ನಿಂತರೂ ಗೊತ್ತಾಗುವುದಿಲ್ಲ.

ಅವಳು ಆಕಾಶ ಬಿಟ್ಟು ಮಿಸ್ತ್ರಿಯ ಮುಖ ನೋಡತೊಡಗಿದಳು. ಅವನ ಹುಬ್ಬು ನೇರವಾಗಿದ್ದರೆ ಎಂಜಿನ್ ಸರಿಯಾಗಿದೆ.

ವಿಮಾನ ಸುತ್ತಿ ಇಳಿಯಲು ಬಂತು. ಹೇಳಿದ್ದೆಲ್ಲ ಹೇಳಿದ ಹಾಗೇ ಆಯಿತು. ಹುಡುಗಿಯ ಕೈ ಇಷ್ಟು ದಿನ ಇಬ್ಬರ ಭಾರ ಕಲಿತ ಕೈ; ಅದೇ ವೇಗದಲ್ಲಿ ತಂದಳು. ಹಗುರವಾದ ವಿಮಾನ ನೆಲದಿಂದ ಒಂದಾಳೆತ್ತರದಲ್ಲಿ ತೇಲುತ್ತಾ ತೇಲುತ್ತಾ, ರನ್‌ವೇ ಮುಗಿದು ಪಕ್ಕದ ಹೊಲವನ್ನೂ ದಾಟಿ ಮುಂದಿನ ದೇಶಕ್ಕೇ ಹೋಗುವ ಹಾಗಿತ್ತು. ಕೊನೆಯಲ್ಲಿ ಬೇಲಿ, ಬೇಲಿಯಾಚೆ ಮರಗಳು. ಹಿಂದಕ್ಕೆ ಹೋಗುವ ಗೇರು ಅದಕ್ಕಿಲ್ಲ.

“ಏಳು, ಮೇಲೇಳು” ಎಂದಳು ವಿಮಾನದಕ್ಕ. ಕೂಗಿದಳೋ ಪಿಸುಗುಟ್ಟಿದಳೋ ಅವಳಿಗೆ ತಿಳಿಯಲಿಲ್ಲ. ಮಿಸ್ತ್ರಿಯ ಹುಬ್ಬು ಗಂಟಿಕ್ಕಿತು. ಎಂಜಿನ್ ಪೂರ್ತಿ ತೆರೆಯಿತೋ, ಇಲ್ಲವೆ ಕೆಮ್ಮಿತೋ? ಅವಳು ಆ ಮುಖವನ್ನು ತಿನ್ನುವ ಹಾಗೆ ನೋಡಿದಳು. ಹುಬ್ಬು ಹಾಗೇ ಇತ್ತು, ಹಾಗೇ ಇತ್ತು, ಆಮೇಲೆ ನಿಧಾನವಾಗಿ ಬಿಡಿಸಿಕೊಂಡಿತು. ತಿರುಗಿ ನೋಡಿದರೆ ವಿಮಾನ ಮರಗಳ ಮೇಲಿತ್ತು.

ಮಿಸ್ತ್ರಿ ಕಣ್ಣು ತೆರೆದ. ಎಲ್ಲರೂ ಆಕಾಶ ನೋಡುತ್ತಿರುವಾಗ ಅವಳೊಬ್ಬಳು ತನ್ನ ಮುಖವನ್ನು ನೋಡುತ್ತಿರುವುದು ಕಂಡ. ಆಮೇಲೆ, ತುಟಿಗಳನ್ನು ಅಗಲ ಮಾಡಿ, ಒಂದೊಂದೇ ಪದವನ್ನು ಬಿಡಿಬಿಡಿಯಾಗಿ ಆಡಿದ: “ಎಂಜಿನ್. ಚೆನ್ನಾಗಿದೆ.” ಇಷ್ಟು ವರ್ಷಗಳಲ್ಲಿ ಅವನು ಅವಳಿಗೆ ಹೇಳಿದ ಮೊದಲ ಮರ್ಯಾದೆಯ ಮಾತು ಅದು.

ಎರಡನೆಯ ಸಲ ಹುಡುಗಿ ವೇಗ ತಗ್ಗಿಸಿ ತಂದಳು. ಚಕ್ರ ಹುಲ್ಲಿಗೆ ಮುಟ್ಟಿದ್ದು ಹುಲ್ಲಿಗೂ ಗೊತ್ತಾಗಲಿಲ್ಲ.

ಇಳಿದು ಬಂದವಳನ್ನು ಹಿಂದಕ್ಕೆ ತಿರುಗಿಸಿ ವಿಮಾನದಕ್ಕ ಕತ್ತರಿ ತೆಗೆದಳು. ದರ್ಜಿ ಓಡಿಬಂದ. “ಅಯ್ಯೋ, ಏನ್ ಮಾಡ್ತಿದ್ದೀರಿ, ಅದು ಕೈಹೊಲಿಗೆ” ಎಂದ. ಮಿಸ್ತ್ರಿ ಅವನನ್ನು ಹಿಡಿದುಕೊಂಡು ಪದ್ಧತಿ ವಿವರಿಸಿದ. “ಮೊದ್ಲೇ ಹೇಳಿದ್ರೆ ಹಿಂದಿನ ಅಂಚು ಹೊಲೀತಾನೇ ಇರ್ಲಿಲ್ವಲ್ಲ” ಎಂದು ದರ್ಜಿ ಕಣ್ಣೊರೆಸಿಕೊಂಡ. ಅಂಗಿಗೋ ಮಗಳಿಗೋ ಹೇಳುವುದು ಕಷ್ಟ.

“ನಾಳೆಯಿಂದ ಅಡ್ಡಗಾಳಿಯಲ್ಲಿ ಇಳಿಯೋದು ಅಂದಿದ್ರಿ” ಎಂದಳು ಹುಡುಗಿ, ಇನ್ನೂ ಏದುಸಿರು ಬಿಡುತ್ತಾ.

ವಿಮಾನದಕ್ಕ ಬಟ್ಟೆಯ ತುಂಡನ್ನು ಬೆರಳಲ್ಲಿ ಮಡಚುತ್ತಿದ್ದಳು. “ಅವತ್ತು ನಾನು ಪರೀಕ್ಷೆ ಮಾಡ್ತಿರ್ಲಿಲ್ಲ ಕಣೇ” ಎಂದಳು. “ನಿಜವಾಗ್ಲೂ ಕೇಳಿಸ್ಲಿಲ್ಲ. ಕೆಮ್ಮಿದ್ದು ಕೇಳಿಸ್ಲಿಲ್ಲ. ಇವತ್ತು ನೀನು ಹೋಗಿದ್ದೂ ಕೇಳಿಸ್ಲಿಲ್ಲ.”

ಕ್ಲಬ್ಬಿನ ಕಾರ್ಯದರ್ಶಿ ಕಚೇರಿಯ ಬಾಗಿಲಲ್ಲಿ ನಿಂತಿದ್ದ. “ಡಾಕ್ಟರೇ ಪಾಸ್ ಮಾಡಿದ್ದಾರಲ್ಲ, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಇನ್ನೊಬ್ರು ಸಿಗೋವರೆಗೆ ಸುಮ್ನೆ ಕೂತ್ಕೊಳ್ಳಿ ಸಾಕು” ಎಂದ.

“ಸುಮ್ನೆ ಕೂತಿದ್ದೇ ತಪ್ಪಾಗಿದ್ದು” ಎಂದಳು ಅವಳು. ಒಳಗೆ ಹೋಗಿ ತುಂಡನ್ನು ಗೋಡೆಗೆ ಹೊಡೆದಳು. ಅಪ್ಪನ ಅಂಗಿಯ ಪಕ್ಕದಲ್ಲಿ ಅಷ್ಟೇ ಜಾಗ ಉಳಿದಿತ್ತು. ಆಮೇಲೆ ವಿಮಾನದ ಬಲಗಡೆಯ ಬಾಗಿಲು ತೆಗೆದು ಬೆನ್ನಿನ ಮೆತ್ತೆಯನ್ನು ಎಳೆದುಕೊಂಡಳು. ಸೀಟು ಅವಳ ಆಕಾರದಲ್ಲೇ, ಅವಳು ಕೂತಿರುವ ಹಾಗೆಯೇ ಇತ್ತು.

ಮೆತ್ತೆಯನ್ನು ಕಂಕುಳಲ್ಲಿ ಹಿಡಿದು ಹೊರಟಾಗ ದರ್ಜಿಯ ಮಗಳು ಪಕ್ಕದಲ್ಲಿ ನಡೆದು ಬಂದಳು. ಏನೋ ಹೇಳಿದಳು. ಅವಳ ತುಟಿ ಅಲ್ಲಾಡಿದ್ದು ವಿಮಾನದಕ್ಕನಿಗೆ ಓರೆಗಣ್ಣಲ್ಲಿ ಕಂಡಿತು.

“ಏನಂದೆ?”

ಹುಡುಗಿ ನಿಂತಳು. ಎದುರಿಗೆ ಬಂದಳು. ಒಂದು ಗೇಣು ದೂರದಲ್ಲಿ ಮುಖವಿಟ್ಟು, ಎದೆ ತುಂಬ ಉಸಿರೆಳೆದುಕೊಂಡು ಕಿರುಚಿದಳು: “ನಾಳೆ ಬರ್ತೀರಾ ಅಂದೆ!”

ಬಯಲಂಚಿನಲ್ಲಿ ಮೇಯುತ್ತಿದ್ದ ಆಡುಗಳೆಲ್ಲ ತಲೆಯೆತ್ತಿ ನೋಡಿದವು. ಅಷ್ಟು ಹತ್ತಿರ ನಿಂತು ಅಷ್ಟು ಎತ್ತರದ ದನಿಯಲ್ಲಿ ಜನ ಮಾತಾಡುವುದನ್ನು ವಿಮಾನದಕ್ಕ ಒಬ್ಬಳ ಜೊತೆ ಮಾತ್ರ ಕಂಡಿದ್ದಳು, ತನ್ನ ಅಮ್ಮನ ಜೊತೆ. ತಾನೂ ಹಾಗೆಯೇ ಕಿರುಚಿದ್ದಳು, ಪ್ರೀತಿಯಿಂದಲೇ, ವರ್ಷಗಟ್ಟಲೆ.

“ಬರ್ತೀನಿ” ಎಂದಳು. “ಯಾವುದಕ್ಕೆ ಅಂತ ಗೊತ್ತಿಲ್ಲ, ಬರ್ತೀನಿ.”

ಮಿಸ್ತ್ರಿ ವಿಮಾನದ ಮೇಲೆ ಟಾರ್ಪಾಲು ಹೊದಿಸುತ್ತಿದ್ದ. ಗಾಳಿ ಎದ್ದು, ತೇಪೆಗಳ ಚೀಲ ಕಂಬದ ಮೇಲೆ ಪಟಪಟ ಹೊಡೆದುಕೊಳ್ಳತೊಡಗಿತು. ಪಟಪಟ ಎನ್ನುತ್ತಿರಬೇಕು ಎಂದು ಅವಳು ನೋಡಿ ತಿಳಿದುಕೊಂಡಳು.